ಶಾಲು ಹೊದಿಸಿ ಕಳೆದುಕೊಂಡದ್ದು

ಮೊದಲು ಖರ್ಚು ಹೇಳಿಬಿಡುತ್ತೇನೆ. ಅದನ್ನು ಹೇಳದೆ ಮಾತು ಶುರುಮಾಡಿದರೆ ನನಗೆ ನಾಲಿಗೆ ಸಡಿಲಾಗುವುದಿಲ್ಲ. ಶಾಲಿಗೆ ಅಂಗಡಿಯವ ಐನೂರು ಹೇಳಿದ್ದ. ಮೆಟ್ಟಿಲಿಳಿದು ಹೊರಟುಹೋಗುವ ನಾಟಕವನ್ನು ಎರಡೆರಡು ಸಲ ಆಡಿ ಇನ್ನೂರ ಎಂಬತ್ತಕ್ಕೆ ತಂದೆ. ಹಣ್ಣಿನ ಬುಟ್ಟಿಗೆ ಮೇಲೆ ನಾಲ್ಕು ಸೇಬು ಕೊಂಡದ್ದು, ಕೆಳಗೆ ತುಂಬಿದ್ದೆಲ್ಲ ನನ್ನದೇ ಅಂಗಡಿಯ ಲಿಂಬೆಹಣ್ಣು. ನೆನಪಿನ ಫಲಕವಂತೂ ಯಾರೋ ಹೇಳಿ ಮಾಡಿಸಿ, ಒಯ್ಯದೆ ಬಿಟ್ಟದ್ದು. ಹಳೆಯ ಹೆಸರಿನ ಮೇಲೆ ಹೊಸ ಹೆಸರು ಅಂಟಿಸಿ ಅರ್ಧ ಬೆಲೆಗೆ ಗಿಟ್ಟಿಸಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನಲ್ಲಿ ಇಷ್ಟು ಸೋವಿಯಲ್ಲಿ ಯಾರೂ ಯಾರಿಗೂ ಸನ್ಮಾನ ಮಾಡಿಲ್ಲ ಎಂದು ಎದೆಯುಬ್ಬಿಸಿಕೊಂಡೇ ಮನೆಗೆ ಬಂದೆ. ಒಂದು ಖರ್ಚು ಸೇರಿಸುವುದು ಮರೆತಿತ್ತೆಂದು ಆಮೇಲೆ ಗೊತ್ತಾಯಿತು. ಒಬ್ಬ ಗ್ರಂಥಪಾಲಕಿ.

ಸ್ವಲ್ಪ ನನ್ನ ಬಗ್ಗೆಯೂ ಹೇಳಬೇಕು. ಇಲ್ಲದಿದ್ದರೆ ಈ ನಷ್ಟದ ನಾಚಿಕೆ ನಿಮಗೆ ತಿಳಿಯುವುದಿಲ್ಲ. ಇಂಡಿಯಲ್ಲಿ ನನ್ನದು ಲಿಂಬೆಹಣ್ಣಿನ ಅಡತಿ ಅಂಗಡಿ, ರೈತರ ಮಾಲು ಮಾರಿಕೊಟ್ಟು ದಲಾಲಿ ತೆಗೆದುಕೊಳ್ಳುವುದು. ಅದಕ್ಕೂ ಮೊದಲು ದನದ ಸಂತೆಯಲ್ಲಿ ಒಬ್ಬ ಮುದುಕ ದಲಾಲನ ಹಿಂದೆ ತಿರುಗಿ ವ್ಯಾಪಾರ ಕಲಿತವನು. ಅಲ್ಲಿ ಬೆಲೆಯನ್ನು ಬಾಯಿಂದ ಹೇಳುವ ರೂಢಿಯಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ ಎರಡರ ಮೇಲೂ ಒಂದು ಟವೆಲ್ ಹಾಸಿ, ಅದರ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಾರೆ. ಮೇಲೆ ನಗು, ಚಹಾ, ಬೀಗರ ಸುದ್ದಿ. ನಿಜವಾದ ವ್ಯವಹಾರವೆಲ್ಲ ಬಟ್ಟೆಯ ಕೆಳಗೆ. ಆ ಮುದುಕ ನನಗೆ ಹೇಳಿಕೊಟ್ಟ ಮೊದಲ ಪಾಠವೇ ಇದು: "ತಮ್ಮಾ, ಮಾರೂದಿಲ್ಲದ ಎತ್ತಿಗೆ ಗೊಂಡೆ ಕಟ್ಟಿ ಸಂತಿಗೆ ತರಬ್ಯಾಡ." ಈ ಪಾಠವನ್ನು ನಾನು ಎಷ್ಟೋ ಮಂದಿಗೆ ಪುಕ್ಕಟೆ ಹಂಚಿದ್ದೇನೆ. ಪುಕ್ಕಟೆ ಕೊಟ್ಟದ್ದು ನಮ್ಮ ಹತ್ತಿರ ಉಳಿಯುವುದಿಲ್ಲವೆಂದು ಕಾಣುತ್ತದೆ.

ಇಂಥ ಮನುಷ್ಯನಿಗೂ ಗ್ರಂಥಾಲಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ನಾಲ್ಕು ತಾಲೂಕಿನ ಕೆಲವು ನಿವೃತ್ತ ಮಾಸ್ತರರು, ವ್ಯಾಪಾರಿಗಳು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದೇವೆ. ಹಳ್ಳಿಯ ಗ್ರಂಥಾಲಯಗಳಿಗೆ ಕಪಾಟು, ಫ್ಯಾನು, ಕುರ್ಚಿ ಕೊಡಿಸುವುದು, ವರ್ಷಕ್ಕೊಮ್ಮೆ ಒಬ್ಬ ಒಳ್ಳೆಯ ಗ್ರಂಥಪಾಲಕರನ್ನು ಹುಡುಕಿ ಸನ್ಮಾನ ಮಾಡುವುದು ಅದರ ಕೆಲಸ. ಮಾಸ್ತರರು ಪುಸ್ತಕ ಆರಿಸುತ್ತಾರೆ. ಕಬ್ಬಿಣದ ಕಪಾಟಿನವನ ಜೊತೆ ಜಗಳಾಡಲು ಒಬ್ಬ ಬೇಕಲ್ಲ, ಅದಕ್ಕೆ ನಾನು.

ನಮ್ಮೂರು ಇಂಡಿಗೂ ಸಿಂದಗಿಗೂ ನಡುವೆ, ಬಸ್ಸು ನಿಂತರೆ ನಿಂತಿತು ಎನ್ನುವಂಥ ಊರು. ಅಲ್ಲಿಯ ಗ್ರಂಥಾಲಯಕ್ಕೆ ಸರ್ಕಾರ ಏನೇ ಬೋರ್ಡು ಬರೆಸಲಿ, ಜನ ಅದನ್ನು "ರಜಿಯಾನ ಲೈಬ್ರರಿ" ಎಂದೇ ಕರೆಯುತ್ತಿದ್ದರು. ರಜಿಯಾ ನಮ್ಮೂರ ಹುಡುಗಿಯೇ, ಪಿಂಜಾರ ಓಣಿಯವಳು. ಶಾಂತ ಸ್ವಭಾವ, ಮಿತಭಾಷಿ ಎಂದೆಲ್ಲ ಸನ್ಮಾನಪತ್ರದಲ್ಲಿ ಬರೆಸಿದ್ದೆವು. ಅದು ಮುದ್ರಣಾಲಯದವನ ಬಳಿ ಮೊದಲೇ ಜೋಡಿಸಿಟ್ಟ ಮಾತು, ತೆಗೆಸಿದರೆ ಬೇರೆ ದರ ಎಂದ. ನಿಜದಲ್ಲಿ ಅವಳ ಬಾಯಿ ಬಲು ಜೋರು. ಅವಳದೊಂದು ಕಾನೂನು ಇತ್ತು. ಪುಸ್ತಕ ವಾಪಸು ತಂದವರು ಗ್ರಂಥಾಲಯದ ಕಟ್ಟೆಯ ಮೇಲೆ ಕೂತು, ಅದರಲ್ಲಿ ಏನಿದೆ ಎಂದು ಎಲ್ಲರೆದುರಿಗೆ ಹೇಳಬೇಕು. ಹೇಳಿದರೆ ಮುಂದಿನ ಪುಸ್ತಕ, ಇಲ್ಲದಿದ್ದರೆ ಇಲ್ಲ. ಹೇಳುವವರು ಎಲ್ಲಿ ತಡವರಿಸಿದರೂ ಒಳಗಿನಿಂದ ಅವಳ ದನಿ ಬರುತ್ತಿತ್ತು: "ಆಮ್ಯಾಲೆ?" ಸಂಜೆ ನಾಲ್ಕಕ್ಕೆ ಕಟ್ಟೆ ತುಂಬುತ್ತಿತ್ತು. ಓದು ಬಾರದವರೂ ಬಂದು ಕೂರುತ್ತಿದ್ದರು. ನಮ್ಮ ಟೇಲರ್ ಇಮಾಮಸಾಬ ಒಂದು ಕೊಲೆಯ ಕಾದಂಬರಿಯನ್ನು ವಾರವಿಡೀ ಎಳೆದು, ಕೊಂದವನ ಹೆಸರು ಹೇಳಬೇಕಾದರೆ ಚಹಾ ತರಿಸಿರಿ ಎಂದು ಪಟ್ಟು ಹಿಡಿದದ್ದು ಊರಿಗೆಲ್ಲ ಗೊತ್ತು. ಚಹಾದ ದುಡ್ಡು ನಾನೇ ಕೊಟ್ಟೆ. ಕೊಂದವನು ಯಾರೆಂದು ನನಗೆ ಮೊದಲೇ ಅನುಮಾನವಿತ್ತು, ಅದು ಬೇರೆ ಮಾತು.

ಇಲ್ಲಿ ನನ್ನ ಮನೆಯ ವಿಷಯ ಬರುತ್ತದೆ. ನಮಗೆ ಇದ್ದವಳು ಒಬ್ಬಳೇ ಮಗಳು. ಓದುತ್ತಿದ್ದ ಹುಡುಗಿ, ಜ್ವರವೆಂದು ಮಲಗಿದವಳು ಏಳಲಿಲ್ಲ. ಅದನ್ನು ಹೆಚ್ಚು ಬರೆಯಲಾರೆ. ಅವಳು ಹೋದ ಮೇಲೆ ನನ್ನ ಹೆಂಡತಿ ಗುರುಬಾಯಿ ಹೊಸ್ತಿಲು ದಾಟುವುದನ್ನು ಬಿಟ್ಟಳು. ಅಳುತ್ತಿರಲಿಲ್ಲ, ಜಗಳಾಡುತ್ತಿರಲಿಲ್ಲ. ರೊಟ್ಟಿ ಬಡಿದು, ನೀಡಿ, ಗೋಡೆ ನೋಡುತ್ತ ಕೂರುತ್ತಿದ್ದಳು. ನಾನು ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಹೂಡಿದೆ. ಇಳಕಲ್ ಸೀರೆ ತಂದೆ. ಕಾಶಿ ಎಂದೆ, ಪಂಢರಪುರ ಎಂದೆ, ತವರಿಗೆ ಕಾರು ಮಾಡಿಕೊಡುತ್ತೇನೆಂದೆ. "ಯಾತಕ್ರಿ?" ಎಂದು ಒಂದೇ ಮಾತು. ಯಾವ ದರಕ್ಕೂ ಒಪ್ಪದ ಗಿರಾಕಿಯನ್ನು ನಾನು ಮೊದಲ ಸಲ ಕಂಡದ್ದು ನನ್ನ ಅಡುಗೆಮನೆಯಲ್ಲಿ.

ಆಗ ಒಂದು ದಿನ ರಜಿಯಾ ಸೀದಾ ಒಳಗೆ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಕಾಕು, ನನಗೊಂದು ತ್ರಾಸ ಆಗೇತಿ. ಪುಸ್ತಕ ಓದದನ ಓದೇನಿ ಅಂತ ಸುಳ್ಳ ಹೇಳಾಕತ್ಯಾರ. ನಾ ಒಳಗ ಕುಂತಿರತೇನಿ, ಮಾರಿ ಕಾಣಂಗಿಲ್ಲ. ನೀವ ಬಂದು ಕಟ್ಟಿ ಮ್ಯಾಲ ಕುಂಡ್ರಿ, ಸುಳ್ಳ ಹಿಡೀರಿ."

"ನನಗ ಅಕ್ಷರಾನ ಬರಂಗಿಲ್ಲಲ್ಲ ತಂಗಿ," ಎಂದಳು ಗುರುಬಾಯಿ.

"ಅಕ್ಷರ ಯಾರ ಕೇಳ್ಯಾರ? ಇಷ್ಟ ವರ್ಷ ಕಾಕಾನ ಕೂಡ ಬಾಳೇ ಮಾಡೀರಿ, ಸುಳ್ಳ ನಿಮಗ ತಿಳಿಯಂಗಿಲ್ಲೇನು?"

ನಾನು ಅಲ್ಲೇ ಇದ್ದೆ. ಆದರೆ ಗುರುಬಾಯಿಯ ತುಟಿ ಸ್ವಲ್ಪ ಅಲುಗಿದ್ದನ್ನು ಕಂಡು ಆ ಮಾತನ್ನು ಜಮೆಗೆ ಹಾಕಿಕೊಂಡೆ. ಮರುದಿನ ಅವಳು ಕೌದಿಯ ಗಂಟು, ಸೂಜಿ ದಾರ ಎತ್ತಿಕೊಂಡು ಹೊಸ್ತಿಲು ದಾಟಿದಳು. ಕೌದಿ ಹೊಲಿಯುತ್ತಲೇ ಸುಳ್ಳು ಹಿಡಿಯುವ ಕೆಲಸ. ಅವಳ ಬಲೆಗೆ ಬಿದ್ದ ದೊಡ್ಡ ಮೀನು ನಾನೇ. ವ್ಯಾಪಾರದ ಉಪದೇಶದ ಪುಸ್ತಕವೊಂದನ್ನು ಒಯ್ದು, ಬಿಚ್ಚದೆ ವಾಪಸು ತಂದು, "ಬಾಳ ಚಲೋ ಐತಿ" ಎಂದೆ.

"ಚಲೋ ಅನ್ನೂದ ಲಿಂಬಿಹಣ್ಣಿಗೆ ಹೇಳ್ರಿ ಕಾಕಾ. ಒಳಗ ಏನೈತಿ?" ಎಂದಳು ರಜಿಯಾ.

ನಾನು ನನ್ನ ಅನುಭವವನ್ನೇ ಪುಸ್ತಕದ್ದೆಂದು ಹೇಳತೊಡಗಿದೆ. ಗುರುಬಾಯಿ ಸೂಜಿಯಿಂದ ಕಣ್ಣೆತ್ತದೆ ಅಂದಳು: "ಓದಿಲ್ಲ ತಂಗಿ. ಸುಳ್ಳ ಹೇಳೂವಾಗ ಅವರ ಎಡಗೈ ಕಿವಿಗೆ ಹೋಗತೈತಿ. ನೋಡ ಬೇಕಾರ." ಇಡೀ ಕಟ್ಟೆ ನನ್ನ ಕೈ ನೋಡಿತು. ಕೈ ಕಿವಿಯ ಹತ್ತಿರವೇ ಇತ್ತು. ಜನ ನಕ್ಕರು, ಗುರುಬಾಯಿಯೂ ನಕ್ಕಳು. ಎಷ್ಟು ದಿನಗಳ ಮೇಲೆ ಆ ನಗು ಕೇಳಿದೆನೆಂದರೆ, ಮಾನ ಹೋದದ್ದು ಮನೆಗೆ ಬಂದ ಮೇಲೆಯೇ ನೆನಪಾಯಿತು.

ಆ ವರ್ಷ ಸನ್ಮಾನಕ್ಕೆ ರಜಿಯಾಳನ್ನೇ ಆರಿಸಬೇಕೆಂದು ನಾನು ಪಣ ತೊಟ್ಟದ್ದು ಇದಕ್ಕಾಗಿ. ಬಸವನ ಬಾಗೇವಾಡಿಯಲ್ಲಿ ನಡೆದ ನಮ್ಮ ಸಭೆಯಲ್ಲಿ ಮುದ್ದೇಬಿಹಾಳದ ಹಿರೇಮಠ ಮಾಸ್ತರರು ತಂಗಡಗಿಯ ಗ್ರಂಥಪಾಲಕರೊಬ್ಬರ ಹೆಸರು ಹಿಡಿದು ಕೂತಿದ್ದರು. "ನಮ್ಮವರು ಪುಸ್ತಕಕ್ಕೆಲ್ಲ ಖಾಕಿ ರಟ್ಟು ಹಾಕ್ಯಾರ, ಒಂದೂ ಹರದಿಲ್ಲ," ಎಂದರು. "ಓದಿಲ್ಲ ಅನ್ರಿ ಹಂಗಾರ," ಎಂದೆ. ಮಾತು ಬೆಳೆಯಿತು. ಕೊನೆಗೆ ತಂಗಡಗಿಗೆ ಒಂದು ಕಪಾಟು, ಮುಂದಿನ ವರ್ಷದ ಸನ್ಮಾನವೂ ಅವರಿಗೇ ಎಂದು ಒಪ್ಪಿಸಿ ರಜಿಯಾಳ ಹೆಸರು ಗೆದ್ದೆ. ಅಷ್ಟು ಸುಲಭಕ್ಕೆ ಮಾಸ್ತರರು ಬಗ್ಗಿದ್ದು ನೋಡಿ ಖುಷಿಪಟ್ಟೆ. ಯಾಕೆ ಬಗ್ಗಿದರೆಂದು ಈಗ ಅರ್ಥವಾಗುತ್ತದೆ: ಅವರ ಗ್ರಂಥಪಾಲಕರು ಇವತ್ತಿಗೂ ತಂಗಡಗಿಯಲ್ಲೇ ಇದ್ದಾರೆ.

ಸಮಾರಂಭಕ್ಕೆ ಮುಖ್ಯ ಅತಿಥಿಯಾಗಿ ಗ್ರಂಥಾಲಯಗಳ ಉಸ್ತುವಾರಿಯ ದೊಡ್ಡ ಸಾಹೇಬರೊಬ್ಬರು ಬಂದಿದ್ದರು. ರಜಿಯಾ ಹೊಸ ಸೀರೆಯುಟ್ಟು, ಯಾರನ್ನೂ ಬೈಯಲಾಗದೆ ಕಸಿವಿಸಿಯಲ್ಲಿ ಕೂತಿದ್ದಳು. ಸಾಹೇಬರು ಶಾಲು ಹೊದಿಸಿದರು. ನನಗೆ ಎರಡು ಮಾತು ಆಡಲು ಹೇಳಿದರು. ನನಗೆ ಮೈಕು ಕೊಡುವುದೂ ಒಂದೇ, ತೂತು ಚೀಲಕ್ಕೆ ಲಿಂಬೆ ತುಂಬುವುದೂ ಒಂದೇ. ಅವಳ ಕಾನೂನು, ಅವಳ "ಆಮ್ಯಾಲೆ", ತುಂಬಿದ ಕಟ್ಟೆ ಎಲ್ಲ ವರ್ಣಿಸಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದರೆ ನಾನು ದರ ಏರಿಸುವವನು. "ಇಂಥ ಹೆಣ್ಣುಮಗಳು ಒಂದು ಹಳ್ಳಿಯ ಸೊತ್ತಲ್ಲ, ಇಡೀ ತಾಲೂಕಿನ ಸೊತ್ತು!" ಎಂದು ಗರ್ಜಿಸಿದೆ. ಸಾಹೇಬರು ತಲೆಯಾಡಿಸಿ, ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಮೇಲೆ ಹೊಳೆಯುವ ಬಟ್ಟೆ, ಕೆಳಗೆ ಮುಗಿದ ವ್ಯವಹಾರ. ಹುಟ್ಟಾ ದಲಾಲನಾದ ನನಗೆ ಆಗ ಅದು ಕಾಣಲಿಲ್ಲ.

ತಿಂಗಳು ತುಂಬುವುದರೊಳಗೆ ಆದೇಶ ಬಂತು. ತಾಲೂಕಿನ ಊರಿನಲ್ಲಿ ಹೊಸ ಮಾದರಿ ಗ್ರಂಥಾಲಯ ಕಟ್ಟಿದ್ದಾರೆ, ಮಾದರಿ ಗ್ರಂಥಪಾಲಕಿ ಅಲ್ಲಿರತಕ್ಕದ್ದು. ನಮ್ಮೂರಿಗೆ ವಾರಕ್ಕೆರಡು ದಿನ ಬೇರೆ ಊರಿನವನೊಬ್ಬ ಬಂದು ಬಾಗಿಲು ತೆಗೆಯುತ್ತಾನೆ. ಪಗಾರ ಹೆಚ್ಚಾಯಿತೇ? ಇಲ್ಲ. ಅವಳಿಗೆ ಬೇಕಿತ್ತೇ? ಯಾರೂ ಕೇಳಲಿಲ್ಲ. ಹೋಗುವ ದಿನ ಅವಳು ಕಟ್ಟೆ ಗುಡಿಸಿ, ಕೀಲಿ ಪಂಚಾಯಿತಿಗೆ ಕೊಟ್ಟು ನಮ್ಮ ಮನೆಗೆ ಬಂದಳು. ಗುರುಬಾಯಿ ಅವಳಿಗೆ ಹೋಳಿಗೆ ಕಟ್ಟಿಕೊಟ್ಟಳು. ಬಸ್ಸು ಹೋದ ಮೇಲೆ ನನ್ನ ಹೆಂಡತಿ ಕೌದಿಯ ಗಂಟನ್ನು ಅಟ್ಟದ ಮೇಲಿಟ್ಟಳು. "ಆಕಿಗೆ ಚಲೋ ಮಾಡಿದ್ರಿ," ಎಂದಳು ನನಗೆ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅವಳು ನಿಜವಾಗಿಯೂ ಹಾಗೆ ತಿಳಿದುಕೊಂಡೇ ಹೇಳಿದಳು.

ಮಾಲು ಕೈತಪ್ಪಿದರೆ ಬಿಡುವವನು ನಾನಲ್ಲ. ಸಾಹೇಬರ ಕಚೇರಿಗೆ ಹೋದೆ. ಮೊದಲು ಕೈಮುಗಿದು ಕೇಳಿದೆ. "ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಅದಲ್ರಿ, ಓಡಾಡಲಿ," ಎಂದರು. ಆಮೇಲೆ ವ್ಯಾಪಾರದ ಎರಡನೆಯ ಪಟ್ಟು ಹಾಕಿದೆ, ಮಾಲನ್ನು ಹೀಗಳೆಯುವುದು. "ಆಕಿ ಬಾಳ ಜಗಳಗಂಟಿ ಸಾಹೇಬ್ರ. ಓದೂ ಮಂದಿಗೆ ಬೈತಾಳ. ನಿಮಗ ಯಾಕ ಆ ತಲಿನೋವು? ನಮ್ಮ ಹಳ್ಯಾಗ ಇರಲಿ ಬಿಡ್ರಿ." ಸಾಹೇಬರು ನಗುತ್ತ ಮೊಬೈಲ್ ತೆಗೆದರು. ನನ್ನ ಭಾಷಣವನ್ನು ಯಾರೋ ಪುಣ್ಯಾತ್ಮರು ಅವರಿಗೆ ಕಳಿಸಿದ್ದರು. ನನ್ನದೇ ದನಿ ಕಚೇರಿಯಲ್ಲಿ ಗರ್ಜಿಸಿತು: "ಇಡೀ ತಾಲೂಕಿನ ಸೊತ್ತು!" ಅಲ್ಲಿದ್ದ ಸಿಪಾಯಿಯೂ ನಕ್ಕ. ಕೊನೆಯದಾಗಿ ಹೇಳಿದೆ, "ಪ್ರಶಸ್ತಿ ವಾಪಸ್ ತಗೋತೇವ್ರಿ. ಶಾಲು, ಫಲಕ ಎಲ್ಲಾ ತಂದು ನಿಮ್ಮ ಟೇಬಲ್ ಮ್ಯಾಲ ಇಡತೇನಿ. ಹುಡುಗೀನ ವಾಪಸ್ ಕೊಡ್ರಿ." ಸಾಹೇಬರು ನಗು ನಿಲ್ಲಿಸಿ, "ಯಜಮಾನ್ರ, ಹಂಗ ಬರಂಗಿಲ್ಲರಿ," ಎಂದು ಮೆತ್ತಗೆ ಹೇಳಿ ಚಹಾ ತರಿಸಿದರು. ಸೋತವನಿಗೆ ಕೊಡುವ ಚಹಾದ ರುಚಿ ನನಗೆ ಗೊತ್ತಿದೆ. ಇಷ್ಟು ದಿನ ಅದನ್ನು ತರಿಸುತ್ತಿದ್ದವನು ನಾನು.

ಅಲ್ಲಿಂದ ರಜಿಯಾಳನ್ನು ನೋಡಲು ಹೋದೆ. ಗಾಜಿನ ಬಾಗಿಲು, ಹೊಳೆಯುವ ನೆಲ, ಸಾಲು ಕಂಪ್ಯೂಟರು. ಪರೀಕ್ಷೆಗೆ ಓದುವ ಹುಡುಗರು ತಲೆಯೆತ್ತದೆ ಕೂತಿದ್ದರು. ಅವಳ ತಲೆಯ ಮೇಲೆ ದೊಡ್ಡ ಬೋರ್ಡು: "ನಿಶ್ಶಬ್ದ". ಅದರ ಕೆಳಗೆ ರಜಿಯಾ, ಬಾಯಿ ಮುಚ್ಚಿಕೊಂಡು.

"ಹೆಂಗದೀ ತಂಗಿ?" ಎಂದೆ.

"ಸಾವಕಾಶ ಮಾತಾಡ್ರಿ ಕಾಕಾ," ಎಂದು ಪಿಸುಗುಟ್ಟಿದಳು. ಅವಳು ಪಿಸುಗುಟ್ಟಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಕಾಕು ಕಟ್ಟಿಗೆ ಬರತಾರೇನ್ರಿ?"

"ದಿನಾ ಬರತಾಳ," ಎಂದೆ. "ಕೌದಿ ಮುಗಿಯಾಕ ಬಂದೈತಿ."

"ಕೈ ತಗೀರಿ ಕಾಕಾ, ಕಿವಿಯಿಂದ," ಎಂದಳು. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿದಳು. ನಾನು ತಂದಿದ್ದ ಲಿಂಬೆಹಣ್ಣಿನ ಚೀಲವನ್ನು ಮೇಜಿನ ಕೆಳಗಿಟ್ಟು, ಸದ್ದಾಗದಂತೆ ಹೊರಗೆ ಬಂದೆ.

ಊರಿಗೆ ಬಂದು ಕಟ್ಟೆಯನ್ನು ನಾನೇ ನಡೆಸಲು ಹೋದೆ. ಇಮಾಮಸಾಬನನ್ನು ಕೂರಿಸಿ ಕಥೆ ಹೇಳಿಸಿದೆ. ಅವನು ಒಂದು ಹೆಣ್ಣಿನ ಕಷ್ಟ ಎತ್ತಿಕೊಂಡು ಮೆಲ್ಲಗೆ ಹೊರಟ. ನನಗೆ ತಡೆಯಲಿಲ್ಲ. "ಅದೆಲ್ಲಾ ಇರಲಿ, ಕಡೀ ಮಾತ ಹೇಳು, ಉಳದಳೋ ಸತ್ತಳೋ?" ಎಂದೆ.

ಇಮಾಮಸಾಬ ಪುಸ್ತಕ ಮುಚ್ಚಿದ. "ನೀವು ಕತಿಗೂ ಕಡೀ ರೇಟ ಕೇಳತೀರಲ್ರಿ ಸಾವಕಾರ್ರ," ಎಂದು ಎದ್ದುಹೋದ. ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ರಜಿಯಾ ಮಾಡುತ್ತಿದ್ದ ಕೆಲಸ ಎಷ್ಟು ಸಣ್ಣದೆಂದು ನಾನು ತಿಳಿದಿದ್ದೆ. ಒಂದೇ ಒಂದು ಮಾತು, "ಆಮ್ಯಾಲೆ". ಅದನ್ನು ಕೇಳಲು ಮುಂದೇನೆಂದು ಗೊತ್ತಿಲ್ಲದವನ ತಾಳ್ಮೆ ಬೇಕು. ನನ್ನ ಅಂಗಡಿಯಲ್ಲಿ ಆ ಮಾಲು ಎಂದೂ ಇರಲಿಲ್ಲ. ಮನೆಯಲ್ಲಿ ಒಂದು ಸಂಜೆ ಗುರುಬಾಯಿ ತಾನಾಗಿ ಮಗಳ ಯಾವುದೋ ಮಾತು ತೆಗೆದಳು. ಸಣ್ಣವಳಿದ್ದಾಗ ಲಿಂಬೆಗಿಡದ ಮುಳ್ಳು ಚುಚ್ಚಿಸಿಕೊಂಡದ್ದು. ಹೇಳುತ್ತ ಹೇಳುತ್ತ ನಡುವೆ ನಿಲ್ಲಿಸಿದಳು. "ಆಮ್ಯಾಲೆ?" ಎನ್ನಬೇಕಿತ್ತು. ನಾನು ಲೆಕ್ಕದ ಪುಸ್ತಕ ತೆರೆದೆ. ಅವಳು ಎದ್ದು ದೀಪ ಹಚ್ಚಲು ಹೋದಳು.

ಆದ್ದರಿಂದ ಓದುಗರೇ, ನಷ್ಟ ತಿಂದವನ ಬುದ್ಧಿಮಾತು ಕೇಳಿ. ನಿಮ್ಮೂರಿನಲ್ಲಿ ಒಳ್ಳೆಯ ಗ್ರಂಥಪಾಲಕರಿದ್ದರೆ ಕಪಾಟು ಕೊಡಿಸಿ, ಫ್ಯಾನು ಹಾಕಿಸಿ, ಹೊತ್ತಿಗೆ ಸರಿಯಾಗಿ ಪಗಾರ ಬರುವಂತೆ ಜಗಳಾಡಿ. ಹಬ್ಬಕ್ಕೆ ಮನೆಗೆ ಕರೆದು ಉಣ್ಣಲು ಬಡಿಸಿ. ಸನ್ಮಾನ ಮಾಡಲೇಬೇಕೆಂದರೆ ಕಟ್ಟೆಯ ಮೇಲೆಯೇ ಮಾಡಿ, ಮುಖ್ಯ ಅತಿಥಿಯನ್ನು ಕರೆಯಬೇಡಿ, ನನ್ನಂಥವನ ಕೈಗೆ ಮೈಕು ಕೊಡಬೇಡಿ. ಬೇರೆ ಊರಿನವರು ವಿಚಾರಿಸಿದರೆ "ಇದಾರ, ಸುಮಾರು" ಎಂದು ಮುಖ ಕಿವುಚಿ. ನಾನು ಈಗ ಹಾಗೇ ಮಾಡುತ್ತೇನೆ. ನಮ್ಮೂರಿಗೆ ವಾರಕ್ಕೆರಡು ದಿನ ಬರುವ ಆ ಹೊಸಬ ಇದ್ದಾನಲ್ಲ, ಅವನು ಹೇಗೆ ಎಂದು ನನ್ನನ್ನು ಕೇಳಿದರೆ, ಏನೂ ಉಪಯೋಗವಿಲ್ಲದ ಮನುಷ್ಯ ಎನ್ನುತ್ತೇನೆ. ಮೊನ್ನೆ ಇಮಾಮಸಾಬ ಪುಸ್ತಕ ವಾಪಸು ಕೊಡಲು ಹೋದಾಗ ಅವನು ಮುದ್ರೆ ಒತ್ತುವುದನ್ನು ನಿಲ್ಲಿಸಿ, "ಏನಿತ್ರಿ ಇದರಾಗ?" ಎಂದು ಕೇಳಿದನಂತೆ. ಆ ಸುದ್ದಿ ಸುಳ್ಳು. ಅದನ್ನು ಕೇಳಿ ಗುರುಬಾಯಿ ಅಟ್ಟದ ಕಡೆ ಒಮ್ಮೆ ನೋಡಿದಳು ಎಂಬುದೂ ಸುಳ್ಳು. ಆ ಮನುಷ್ಯ ಕೆಲಸಕ್ಕೆ ಬಾರದವನು, ಅವನನ್ನು ಯಾರೂ ಎಲ್ಲಿಗೂ ಕರೆದೊಯ್ಯುವ ಅಗತ್ಯವಿಲ್ಲ. ಇದನ್ನು ಬಲಗೈಯಲ್ಲಿ ಬರೆಯುತ್ತಿದ್ದೇನೆ. ಎಡಗೈ ಎಲ್ಲಿದೆ ಎಂದು ದಯವಿಟ್ಟು ಕೇಳಬೇಡಿ.