ಷಡ್ಡಕ ತಂದ ಕಿತ್ತಳೆ ಟೊಪ್ಪಿಗೆ

ನಮ್ಮ ಹೊಸಪೇಟೆಗೆ ಚಳಿ ಬರುವುದು ಅವಸರದ ನೆಂಟನ ಹಾಗೆ. ಬಂದರೂ ಊಟಕ್ಕೆ ನಿಲ್ಲುವುದಿಲ್ಲ. ತಿಂಡಿಯ ಹೊತ್ತಿಗೆಲ್ಲ ಬಿಸಿಲು ನೆತ್ತಿ ಕಾಯಿಸಲು ಶುರು. ಇಂಥ ಊರಲ್ಲಿ ಉಣ್ಣೆಯ ಟೊಪ್ಪಿಗೆ ಮಾರುವವನ ಧೈರ್ಯವನ್ನು ಮೆಚ್ಚಬಹುದು, ಕೊಳ್ಳುವವನ ಬುದ್ಧಿಯನ್ನು ಮಾತ್ರ ನನ್ನಿಂದ ಮೆಚ್ಚಲಾಗದು. ಅಂಥ ಬುದ್ಧಿವಂತ ನಮ್ಮ ನೆಂಟಸ್ತಿಕೆಯಲ್ಲೇ ಇದ್ದಾನೆ. ಹೆಂಡತಿಯ ತಂಗಿಯ ಗಂಡ, ನನ್ನ ಷಡ್ಡಕ ವೀರೇಶ. ತೋರಣಗಲ್ಲಿನ ಕಡೆ ಕಾರ್ಖಾನೆಯಲ್ಲಿ ಕೆಲಸ. ರಜೆ ಸಿಕ್ಕರೆ ಮನುಷ್ಯರಂತೆ ಮಲಗುವುದು ಬಿಟ್ಟು ಅಡ್ವೆಂಚರ್ ಮಾಡುತ್ತಾನೆ. ಅಂದರೆ, ಕುರಿ ಕಾಯುವವರು ಹರಕು ಚಪ್ಪಲಿಯಲ್ಲಿ ದಿನಾ ಹತ್ತಿಳಿಯುವ ಗುಡ್ಡವನ್ನು ದುಬಾರಿ ಬೂಟು ಹಾಕಿಕೊಂಡು ಹತ್ತಿ, ಹಿಮಾಲಯ ಗೆದ್ದವನಂತೆ ಫೋಟೊ ತೆಗೆಸಿಕೊಳ್ಳುತ್ತಾನೆ.

ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ನನ್ನ ಹೆಂಡತಿಗೆ ಗಂಡಸು ಎಂದರೆ ಅವನೇ. "ವೀರೇಶನ್ನ ನೋಡಿ ಕಲೀರಿ" ಎಂಬುದು ನಮ್ಮ ಮನೆಯ ಸುಪ್ರಭಾತ. ಆ ಪ್ರಾಣಿ ಒಂದೇ ಒಂದು ಸಲ ನನ್ನ ಅಪ್ಪಣೆಗೆ ಕಾದು ನಿಲ್ಲಬೇಕು, ನಾನದನ್ನು ಕಣ್ತುಂಬ ನೋಡಬೇಕು, ಇಷ್ಟೇ ನನ್ನ ಆಸೆ. ಸಂಡೂರು ಗುಡ್ಡಕ್ಕೆ ಬರುತ್ತೇನೆಂದು ಒಪ್ಪಿದ್ದೂ ಆ ಹಟಕ್ಕೇ. ಹೊರಡುವಾಗ ಅವನು ನನ್ನ ಕೈಗೆ ಒಂದು ಟೊಪ್ಪಿಗೆ ತುರುಕಿದ. ಅದನ್ನು ಕಿತ್ತಳೆ ಬಣ್ಣ ಎಂದರೆ ಕಿತ್ತಳೆ ಹಣ್ಣು ಬೇಸರ ಮಾಡಿಕೊಂಡೀತು. ಸುತ್ತ ಮಿಂಚುವ ಪಟ್ಟಿ, ನೆತ್ತಿಯ ಮೇಲೊಂದು ಕುಚ್ಚು ಬೇರೆ.

"ನನಗ್ಯಾಕೋ ಈ ವೇಷ?" ಎಂದೆ.

"ಗುಡ್ಡದಾಗ ಮಂಜು ಭಾಳ ಇರ್ತೈತಿ ಅಣ್ಣಾರ. ನೀವು ಹ್ಯಾಂಗೂ ಹಿಂದ ಬೀಳ್ತೀರಿ, ಹುಡುಕಾಕ ಅನುಕೂಲ" ಎಂದ. ಅವನ ತಲೆಯ ಮೇಲಿದ್ದದ್ದು ಮರ್ಯಾದಸ್ಥರು ಹಾಕುವ ಕಪ್ಪು ಟೊಪ್ಪಿಗೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕಿಸಕ್ಕನೆ ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು.

ಹಿಂದೆ ಬಿದ್ದೆ, ನಿಜ. ಗುಡ್ಡ ಶುರುವಾಗುವ ಮೊದಲೇ, ಕಾರು ಕೆಳಗೆ ಬಿಟ್ಟು ನಡೆದ ಏರುರಸ್ತೆಯಲ್ಲೇ ಏದುಸಿರು ಬಂತು. "ಇಲ್ಲೇ ಕುಂದ್ರಿ, ಕಾರು ತರ್ತೀನಿ" ಎಂದು ಕನಿಕರ ತೋರಿಸಿ ವೀರೇಶ ಕೆಳಗಿಳಿದ. ಯಾರಿಗೆ ಬೇಕಿತ್ತು ಅವನ ಕನಿಕರ! ಮಂಜು ಕವಿದ ತಿರುವಿನ ಕಲ್ಲಿನ ಮೇಲೆ ಕುಳಿತು ಅವನನ್ನೂ ಟೊಪ್ಪಿಗೆ ಹೆಣೆದವನನ್ನೂ ಸೇರಿಸಿ ಬೈದೆ. ಕಿವಿ ಬೆಚ್ಚಗಿದ್ದವು, ಅದಕ್ಕೂ ಬೈದೆ. ಅಷ್ಟರಲ್ಲಿ ಉಣ್ಣೆ ಚುಚ್ಚಿ ತಲೆ ಕಡಿಯಿತು. ಎದ್ದು ನಿಂತು ಕೆರೆದುಕೊಳ್ಳಲು ಕೈ ಎತ್ತಿದೆ. ಕೆಳಗಿನಿಂದ ಬರುತ್ತಿದ್ದ ಅದಿರಿನ ಲಾರಿ ಬುಸ್ಸೆಂದು ನಿಂತಿತು.

"ಬ್ಲಾಸ್ಟಿಂಗ್ ಐತೇನ್ರಿ ಸರ್?" ಎಂದು ಡ್ರೈವರ್ ತಲೆ ಹೊರಗೆ ಹಾಕಿ ವಿನಯದಿಂದ ಕೇಳಿದ.

ಕಿತ್ತಳೆ ಬಣ್ಣ, ಮಿಂಚುವ ಪಟ್ಟಿ ನೋಡಿ, ಗಣಿಯಲ್ಲಿ ಬಂಡೆ ಸಿಡಿಸುವಾಗ ಲಾರಿ ತಡೆಯುವವನೆಂದು ನನ್ನನ್ನು ತಿಳಿದಿದ್ದ. ಇಲ್ಲವೆನ್ನಬೇಕು ಎಂದುಕೊಂಡೆ. ಆದರೆ ಯಾರಾದರೂ ನನ್ನನ್ನು ಸರ್ ಎಂದು ಕರೆದು ಎಷ್ಟು ಕಾಲವಾಗಿತ್ತು! "ಹ್ಞೂಂ" ಎಂದೆ. ಅವನ ಹಿಂದೆ ಇನ್ನೊಂದು ಲಾರಿ ನಿಂತಿತು, ಅದರ ಹಿಂದೆ ವೀರೇಶನ ಕಾರು. ಅವನು ಪೀಂ ಪೀಂ ಎಂದು ಹಾರ್ನ್ ಒತ್ತಿದ.

"ಹಾರ್ನ್ ಯಾಕ ಹೊಡಿತೀಯಪಾ?" ಹಿಂದಿನ ಲಾರಿಯವನು ಗದರಿದ. "ಮ್ಯಾಲೆ ಸಾಹೇಬ್ರು ಕೈ ಎತ್ಯಾರ, ಕಾಣಂಗಿಲ್ಲೇನು?"

ವೀರೇಶ ಇಳಿದು ಬಂದು ಕತ್ತು ಚಾಚಿ ನೋಡಿದ. ಮಂಜಿನಲ್ಲಿ ಬಣ್ಣ ಕಾಣುತ್ತದೆ, ಮುಖ ಕಾಣುವುದಿಲ್ಲ. ಕಾರ್ಖಾನೆಯಲ್ಲಿ ಕಿತ್ತಳೆ ಬಣ್ಣ ಕಂಡಲ್ಲಿ ನಿಲ್ಲಲು ಪಳಗಿದ ಆಸಾಮಿ, ತಾನೇ ಕೊಟ್ಟ ಟೊಪ್ಪಿಗೆ ಅದೆಂದು ಹೊಳೆಯಲೇ ಇಲ್ಲ. ಕೈಕಟ್ಟಿ ನಿಂತ. ಆಹಾ! ಭುಜ ನೋಯುವವರೆಗೂ ನಾನು ಕೈ ಇಳಿಸಲಿಲ್ಲ. ಆಮೇಲೆ ಉದಾರವಾಗಿ ಎಲ್ಲರನ್ನೂ ಬಿಟ್ಟು ಮತ್ತೆ ಕಲ್ಲಿನ ಮೇಲೆ ಕುಳಿತೆ, ಏನೂ ಅರಿಯದವನಂತೆ ಅವನ ಕಾರು ಹತ್ತಿ ವಾಪಸಾದೆ. ದಾರಿಯುದ್ದಕ್ಕೂ ಅವನು ತನ್ನನ್ನು ತಡೆದ ಆ ಸಾಹೇಬನನ್ನು ಬೈಯುತ್ತಿದ್ದ. ನಾನು ಕಿಟಕಿಯಾಚೆ ನೋಡುತ್ತ ನಗು ನುಂಗಿಕೊಂಡೆ.

ಮನೆಗೆ ಬಂದರೂ ಟೊಪ್ಪಿಗೆ ತೆಗೆಯಲಿಲ್ಲ. ಬೆವರು ಕುತ್ತಿಗೆಗಿಳಿಯುತ್ತಿತ್ತು, ಇಳಿಯಲಿ. ಹೆಂಡತಿ ಅಡುಗೆಮನೆಯೊಳಗೆ ನುಗ್ಗುತ್ತಿದ್ದಳು. ಇನ್ನು ಈ ಮನೆಯಲ್ಲೂ ನನ್ನ ಮಾತು ನಡೆಯಬೇಕು ಎಂದು ಬಾಗಿಲಿಗೆ ಅಡ್ಡ ನಿಂತು, ಗಂಭೀರವಾಗಿ ಕೈ ಎತ್ತಿದೆ.

ಅವಳು ಕಂಕುಳ ಕೆಳಗೆ ನುಸುಳಿ ಒಳಗೆ ಹೋದಳು. "ಹ್ಯಾಂಗೂ ಕೈ ಎತ್ತೀರಿ, ಮ್ಯಾಲಿನ ಬ್ಯಾಳಿ ಡಬ್ಬಿ ಇಳಿಸಿಕೊಡ್ರಿ" ಎಂದಳು.

ಇಳಿಸಿಕೊಟ್ಟೆ.