ಕದ್ದು ನೋಡಿದ ಊರು

ಕದ್ದು ಬೆಲ್ಲ ತಿಂದವರಿದ್ದಾರೆ, ಕದ್ದು ಸಿನಿಮಾ ನೋಡಿದವರಿದ್ದಾರೆ, ಕದ್ದು ಮದುವೆಯಾದವರೂ ಇದ್ದಾರೆ. ಆದರೆ ಹೆಂಡತಿ ಮಗಳನ್ನು ಕಟ್ಟಿಕೊಂಡು, ಹೋಟೆಲಿನಲ್ಲಿ ರೂಮು ಹಿಡಿದು, ಒಂದು ಇಡೀ ಊರನ್ನೇ ಕದ್ದು ನೋಡಲು ಹೋದವನು ನಾನೊಬ್ಬನೇ ಇರಬೇಕು. ಆ ಊರಿನ ಹೆಸರು ಹೇಳುವುದಿಲ್ಲ. ಬರ್ಮಿಂಗ್‌ಹ್ಯಾಮಿನಿಂದ ಕಾರಿನಲ್ಲಿ ಎರಡು ಗಂಟೆ ಉತ್ತರಕ್ಕೆ ಹೋದರೆ ಸಿಗುತ್ತದೆ, ದಿಬ್ಬದ ಮೇಲೆ ಶತಮಾನಗಳ ಹಿಂದೆ ಕಟ್ಟಿದ ದೊಡ್ಡ ಕೆಥೀಡ್ರಲ್ ಇದೆ, ಇಷ್ಟು ಸಾಕು. ಹೆಸರು ಹೇಳಿದೆನೋ, ಅಲ್ಲಿರುವ ಇನ್ನೂ ಮೂರು ಕನ್ನಡದ ಮನೆಯವರು ಫೋನು ಮಾಡಿ, “ಊರಿಗೆ ಬಂದು ನಮ್ಮನೆಗೆ ಬರದೆ ಹೋದ್ರಾ?” ಎಂದು ಕೇಳುತ್ತಾರೆ. ನನಗೆ ಒಂದು ಮನೆಯದೇ ಸಾಕಾಗಿ ಹೋಗಿದೆ.

ಆ ಒಂದು ಮನೆ ವನಜಕ್ಕನವರದು. ಅವರು ನನಗೆ ಒಡಹುಟ್ಟಿದವರಲ್ಲ, ದೂರದ ನೆಂಟರೂ ಅಲ್ಲ. ಹನ್ನೊಂದು ವರ್ಷದ ಹಿಂದೆ ನಾವು ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕಿನ ಒಂದು ಬಾಡಿಗೆ ಮನೆಯಲ್ಲಿದ್ದಾಗ, ಹತ್ತಿರದ ಟಿವಿಡೇಲಿನ ಬಾಲಾಜಿ ದೇವಸ್ಥಾನದ ಊಟದ ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದವರು. ನನ್ನ ಹೆಂಡತಿ ಸುಜಾತಾಗೆ ಆಗ ಎಂಟು ತಿಂಗಳು. ತಿರುಗಿ ನೋಡಿದವರೇ, “ಬಾಣಂತನಕ್ಕೆ ಯಾರಮ್ಮ ಬರ್ತಾರೆ?” ಎಂದು ಕೇಳಿದರು. ಅಮ್ಮನಿಗೆ ವೀಸಾ ಸಿಗಲಿಲ್ಲ, ಯಾರೂ ಇಲ್ಲ ಎನ್ನುವಷ್ಟರಲ್ಲಿ ಸುಜಾತಾಳ ಕಣ್ಣು ತುಂಬಿತ್ತು. “ಯಾರೂ ಇಲ್ಲ ಅಂದ್ರೆ ನಾನಿಲ್ವಾ?” ಎಂದರು, ಹೆಸರು ಕೂಡ ಕೇಳದೆ. ಹೇಳಿದ ಹಾಗೆಯೇ ಬಂದು ಆರು ವಾರ ಇದ್ದರು. ಅವರ ಯಜಮಾನರು ಶಂಕರ ಭಾವ, ಆ ಊರಿನಲ್ಲಿ ಜಿಪಿ, ಅಂದರೆ ಮನೆ ಡಾಕ್ಟರು ಆಗಿದ್ದವರು, ಆ ಆರು ವಾರವೂ ತಾವೇ ಅನ್ನ ಬೇಯಿಸಿಕೊಂಡರು. ನಮ್ಮ ಮಗಳು ಅನಘಾಗೆ ಮೊದಲ ಸಲ ಎಣ್ಣೆ ಹಚ್ಚಿ ನೀರು ಹಾಕಿದ್ದು ವನಜಕ್ಕನೇ. ಅಂಥವರ ಮನಸ್ಸು ನೋಯಿಸಿದರೆ ನನಗೆ ಈ ದೇಶದಲ್ಲಿ ಅಕ್ಕ ಎನ್ನಲು ಇನ್ನೊಬ್ಬರಿಲ್ಲ.

ಅಂದಿನಿಂದ ಪ್ರತಿ ಡಿಸೆಂಬರಿನಲ್ಲೂ ಅವರ ಮನೆಗೆ ಹೋಗುವುದು ನಮ್ಮ ಪದ್ಧತಿ. ಹೋದರೆ ಐದು ದಿನ ಕದಲುವ ಹಾಗಿಲ್ಲ. ಬೆಳಗ್ಗೆ ಐದಕ್ಕೇ ಮಿಕ್ಸಿಯ ಸದ್ದು. ನನಗೆ ದೋಸೆ ಬಿಸಿಯಾಗಿಯೇ ಆಗಬೇಕೆಂದು ಅವರು ಒಲೆಯ ಮುಂದೆ ನಿಂತು ಒಂದೊಂದಾಗಿ ಹಾಕುತ್ತಾರೆ, ನಾನು ಕೂತಲ್ಲಿಂದಲೇ ಒಂದೊಂದಾಗಿ ಮುಗಿಸುತ್ತೇನೆ. ಭಾವ ತಮ್ಮ ಮಂಚ ನಮಗೆ ಬಿಟ್ಟುಕೊಟ್ಟು ಸೋಫಾದ ಮೇಲೆ ಮಲಗಿ, ಬೆಳಗ್ಗೆ ಸೊಂಟ ಹಿಡಿದುಕೊಂಡು, “ಚೆನ್ನಾಗಿ ನಿದ್ದೆ ಬಂತಪ್ಪ” ಎನ್ನುತ್ತಾರೆ. ಇಷ್ಟೆಲ್ಲ ಉಪಚಾರ ಸಹಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ನಾವು ಗಂಡ ಹೆಂಡತಿ ವಾಪಸು ಬರುವಾಗ ಕಾರಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಊರಿನ ಕೆಥೀಡ್ರಲನ್ನು ನಾವು ನೋಡಿದ್ದು ಅವರ ಅಡುಗೆಮನೆಯ ಕಿಟಕಿಯಿಂದ ಮಾತ್ರ. ಈ ಸಲ ಅನಘಾಗೆ ಶಾಲೆಯಲ್ಲಿ ಅದೇ ಕೆಥೀಡ್ರಲಿನ ಪಾಠವಾಗಿ, ಒಳಗೆ ಹೋಗಿ ನೋಡಲೇಬೇಕು ಎಂದು ಹಟ ಹಿಡಿದಳು. ಸುಜಾತಾ, “ಹೋಗೋಣ ರೀ. ಆದ್ರೆ ಎರಡು ದಿನ ಹೋಟೆಲಲ್ಲಿ ಇರೋಣ. ಯಾರಿಗೂ ‘ಸಾಕು, ಸಾಕು’ ಅಂತ ತಟ್ಟೆಗೆ ಕೈ ಅಡ್ಡ ಹಿಡಿಯೋದು ಬೇಡ” ಎಂದಳು.

ಸರಿ, ಫೋನು ಮಾಡಿದೆ. “ಅಕ್ಕಾ, ಈ ಸಲ ಬರೋಕಾಗಲ್ಲ. ಅನಘಾಗೆ ಏನೋ ಪರೀಕ್ಷೆ ಇದೆ” ಎಂದು ಒಂದೇ ಉಸಿರಿನಲ್ಲಿ ಒದರಿದೆ. ಅಯ್ಯೋ ಯಾಕಪ್ಪಾ, ಮಗೂನ ಇಲ್ಲೇ ಓದಿಸೋಣ ಬಾ ಎನ್ನುತ್ತಾರೆ ಎಂದು ಅದಕ್ಕೂ ಒಂದು ಉತ್ತರ ಬರೆದಿಟ್ಟುಕೊಂಡಿದ್ದೆ. ಅವರು ನನಗಿಂತ ಅವಸರವಾಗಿ, “ಹೌದಾ? ಓದ್ಲಿ ಓದ್ಲಿ. ನಾವೂ ಇರಲ್ಲಪ್ಪ, ಲೀಡ್ಸಲ್ಲಿ ಭಾವನ ಫ್ರೆಂಡ್ ಮನೆ ಗೃಹಪ್ರವೇಶ, ಕ್ರಿಸ್‌ಮಸ್ ಹಿಂದಿನ ಶನಿವಾರ ಭಾನುವಾರ ಎರಡೂ ದಿನ ಅಲ್ಲೇ” ಎಂದು ಫೋನಿಟ್ಟರು. ನಾನು ಅಡುಗೆಮನೆಯಲ್ಲೇ ಒಂದು ಸಲ ಕುಣಿದೆ. ಊರೂ ಖಾಲಿ, ಮನಸ್ಸೂ ಹಗುರ. ಸುಜಾತಾ ಮಾತ್ರ, “ಅಷ್ಟು ಬೇಗ ಫೋನಿಟ್ರಾ? ಮಗು ಹತ್ರ ಮಾತಾಡ್ಲಿಲ್ವಾ?” ಎಂದು ಹುಬ್ಬು ಗಂಟಿಕ್ಕಿದಳು. ನಿನಗೆ ಎಲ್ಲದಕ್ಕೂ ಅನುಮಾನ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಕ್ರಿಸ್‌ಮಸ್ಸಿಗೆ ಮುಂಚಿನ ಆ ಶನಿವಾರ ಮಧ್ಯಾಹ್ನ ಊರು ಮುಟ್ಟಿದೆವು. ಹೋಟೆಲಿನಲ್ಲಿ ಬ್ಯಾಗು ಎಸೆದು, ಕಲ್ಲು ಹಾಸಿದ ಕಡಿದಾದ ಬೀದಿಯಲ್ಲಿ ಕೆಥೀಡ್ರಲಿನ ಕಡೆ ಹತ್ತುತ್ತಿದ್ದೆವು. ಚಳಿ ಎಂದರೆ ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ಅಷ್ಟರಲ್ಲಿ ಸುಜಾತಾ ನನ್ನ ತೋಳು ಹಿಂಡಿದಳು. ಎದುರಿನ ತರಕಾರಿ ಅಂಗಡಿಯ ಮುಂದೆ ಕಂದು ಬಣ್ಣದ ಮಂಕಿ ಕ್ಯಾಪ್ ಹಾಕಿದ ಒಬ್ಬರು ಬದನೆಕಾಯಿಯನ್ನು ಒತ್ತಿ ಒತ್ತಿ ನೋಡುತ್ತಿದ್ದರು. ಈ ದೇಶದಲ್ಲಿ ಮಂಕಿ ಕ್ಯಾಪ್ ಹಾಕಿ ಬದನೆಕಾಯಿ ಒತ್ತುವವರು ಬೇರೆ ಯಾರಿರುತ್ತಾರೆ? ಶಂಕರ ಭಾವ!

ಯೋಚನೆ ಮಾಡಲು ಹೊತ್ತಿರಲಿಲ್ಲ. ಮೂವರೂ ಪಕ್ಕದ ಹಳೆ ಬಟ್ಟೆಯ ಅಂಗಡಿಗೆ ನುಗ್ಗಿ ಕೋಟುಗಳ ಸಾಲಿನ ಹಿಂದೆ ಕೂತೆವು. ನಾನು ಮೂಳೆ ವಿಭಾಗದ ಕನ್ಸಲ್ಟೆಂಟ್, ನನ್ನ ಕೈಕೆಳಗೆ ನಾಲ್ಕು ಜನ ಜೂನಿಯರ್ ಡಾಕ್ಟರುಗಳಿದ್ದಾರೆ, ಅವರಿಗೆಲ್ಲ ನನ್ನನ್ನು ಕಂಡರೆ ಸ್ವಲ್ಪ ಹೆದರಿಕೆ ಇದೆ ಎಂದೇ ನಾನು ನಂಬಿದ್ದೇನೆ. ಅಂಥವನು ಯಾರೋ ಬಿಟ್ಟ ಕೋಟಿನ ತೋಳಿನ ಸಂದಿಯಿಂದ ಬೀದಿ ನೋಡುತ್ತಿದ್ದೆ. “ಲೀಡ್ಸಿಗೆ ಹೋಗಿಲ್ವಾ?” ಎಂದು ಸುಜಾತಾ ಪಿಸುಗುಟ್ಟಿದಳು. “ಸಂಜೆ ಹೊರಡ್ತಾರೇನೋ” ಎಂದೆ. “ಗೃಹಪ್ರವೇಶಕ್ಕೆ ಬದನೆಕಾಯಿ ಉಡುಗೊರೆ ಕೊಡ್ತಾರಾ? ಬನ್ನಿ, ಈಗಲೇ ಬರ್ಮಿಂಗ್‌ಹ್ಯಾಮಿಗೆ ಹೋಗಿಬಿಡೋಣ. ಅಕ್ಕನಿಗೆ ಗೊತ್ತಾದ್ರೆ ನಾನು ಮುಖ ಎತ್ತಿ ನೋಡೋದು ಹ್ಯಾಗೆ?” ಎಂದಳು. ಶಂಕರ ಮಾವ ಒಳ್ಳೆಯವರಲ್ಲವೇ, ಅವರಿಂದ ನಾವು ಯಾಕೆ ಅಡಗಿಕೊಳ್ಳಬೇಕು ಎಂದು ಅನಘಾ ಇಂಗ್ಲಿಷಿನಲ್ಲಿ ಸಾಕಷ್ಟು ಜೋರಾಗಿಯೇ ಕೇಳಿದಳು. ಅಂಗಡಿಯ ಮುದುಕಿ ಬಂದು ಏನು ಬೇಕೆಂದು ಕೇಳಿದಾಗ, ಬೇಡದ ಒಂದು ಹಸಿರು ಮಫ್ಲರ್ ಕೊಂಡು, ಅದನ್ನೇ ಕಣ್ಣಿನವರೆಗೆ ಸುತ್ತಿಕೊಂಡು ಹೊರಬಿದ್ದೆ.

ಭಾವ ಹೋಗಿದ್ದರು. ಆದರೆ ಆಮೇಲೆ ಊರು ನೋಡುವ ಸುಖ ಎಲ್ಲಿಂದ ಬರಬೇಕು? ತಿರುವು ಬಂದಾಗಲೆಲ್ಲ ನಾನು ಮುಂದೆ ಹೋಗಿ ಇಣುಕುವುದು, ಕೈ ಮಾಡುವುದು, ಅವರಿಬ್ಬರು ಬರುವುದು. ನಾಲ್ಕು ಗಂಟೆಗೆ ಕತ್ತಲಾಯಿತು. ಕೆಥೀಡ್ರಲಿನ ಒಳಗೆ ಹೊಕ್ಕರೆ ಭಯವಿಲ್ಲ, ವನಜಕ್ಕ ಟಿವಿಡೇಲಿನ ಬಾಲಾಜಿಯನ್ನು ಬಿಟ್ಟು ಇನ್ನೊಂದು ಬಾಗಿಲು ತುಳಿದವರಲ್ಲ ಎಂದು ನಾನು ಧೈರ್ಯ ಹೇಳಿದೆ. ಒಳಗೆ ಸಂಜೆಯ ಹಾಡಿನ ಪ್ರಾರ್ಥನೆ ಶುರುವಾಗುವುದರಲ್ಲಿತ್ತು. ಕರಿ ನಿಲುವಂಗಿಯ ಒಬ್ಬ ಹೆಂಗಸು ನಗುತ್ತ ಬಂದು, ನಾವು ಏನೂ ಕೇಳದಿದ್ದರೂ, ಒಳಗಿನ ಮರದ ಆಸನಗಳಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ಅಲ್ಲಿ ಆಸನಗಳು ನಮ್ಮೂರ ಕಡೆಯ ಚರ್ಚುಗಳಲ್ಲಿ ಇರುವಂತೆ ಮುಂದಕ್ಕೆ ಮುಖ ಮಾಡಿಲ್ಲ. ಎರಡು ಕಡೆ ಎರಡು ಸಾಲು, ಎದುರು ಬದುರು, ನಡುವೆ ಹಾದಿ. ಪ್ರತಿ ಆಸನದ ಮುಂದೆ ಒಂದು ಪುಟ್ಟ ದೀಪ. ಹಾಡುವ ಹುಡುಗಿಯರು ಮೆರವಣಿಗೆಯಲ್ಲಿ ಬಂದು ನಿಂತರು, ಎಲ್ಲರೂ ಎದ್ದರು, ನಾವೂ ಎದ್ದೆವು. ಎದ್ದು ಎದುರಿಗೆ ನೋಡುತ್ತೇನೆ, ದೀಪದ ಬೆಳಕಿನಲ್ಲಿ ವನಜಕ್ಕ.

ಅವರ ಪಕ್ಕದಲ್ಲಿ ಭಾವ ಮಂಕಿ ಕ್ಯಾಪ್ ಕೈಯಲ್ಲಿ ಹಿಡಿದು, ನಮ್ಮನ್ನು ನೋಡಿ, ತಿರುಗಿ ಅದನ್ನು ತಲೆಗೆ ಹಾಕಿಕೊಳ್ಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಮಾತಾಡುವ ಹಾಗಿಲ್ಲ, ಎದ್ದು ಹೋಗುವ ಹಾಗಿಲ್ಲ. ಮುಕ್ಕಾಲು ಗಂಟೆ ಮುಖಾಮುಖಿ! ಮೇಲೆ ಆ ಹುಡುಗಿಯರ ದನಿ ಕಮಾನಿನವರೆಗೆ ಏರುತ್ತಿದ್ದರೆ, ಕೆಳಗೆ ನನ್ನ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಸಿಕ್ಕಿಬಿದ್ದವನು ನಾನು, ಸರಿ. ಆದರೆ ಅಕ್ಕ ಯಾಕೆ ನನ್ನ ಕಣ್ಣು ತಪ್ಪಿಸಿ ಕಂಬ ನೋಡುತ್ತಿದ್ದಾರೆ? ಆಗ ಹೊಳೆಯಿತು. ಇದು ಧನುರ್ಮಾಸ. ಧನುರ್ಮಾಸದಲ್ಲಿ ಗೃಹಪ್ರವೇಶ ಮಾಡುವ ಕನ್ನಡಿಗ ಲೀಡ್ಸಿನಲ್ಲೂ ಇಲ್ಲ, ಎಲ್ಲೂ ಇಲ್ಲ! ಅಕ್ಕನೂ ಸುಳ್ಳು ಹೇಳಿದ್ದಾರೆ. ನಾವು ಬರುವುದು ಅವರಿಗೆ ಬೇಕಿರಲಿಲ್ಲ. ನನಗೆ ಆದ ಸಂಕಟವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ಮಾಡಿದ್ದನ್ನೇ ಅವರು ಮಾಡಿದ್ದರೂ, ನನಗೆ ಅಳು ಬರುವ ಹಾಗಾಯಿತು.

ಆ ಪ್ರಾರ್ಥನೆಯಲ್ಲಿ ಮೇಲಿಂದ ಮೇಲೆ ಎದ್ದು ನಿಲ್ಲಬೇಕು, ಕೂರಬೇಕು. ಎರಡನೆಯ ಸಲ ಎದ್ದಾಗ ನೋಡಿದೆ. ಅಕ್ಕ ಮೊದಲು ಎರಡೂ ಕೈ ಮರದ ಅಂಚಿಗೆ ಊರಿ, ಭಾರವನ್ನೆಲ್ಲ ಎಡಗಾಲಿಗೆ ಹಾಕಿ, ತುಟಿ ಕಚ್ಚಿಕೊಂಡು ಎದ್ದರು. ಎಲ್ಲರೂ ನಿಂತ ಮೇಲೆ ಅವರು ನಿಂತರು. ಮೂರನೆಯ ಸಲ ಭಾವ ತೋಳು ಹಿಡಿದು ಎಬ್ಬಿಸಿದರು. ಬೇರೆ ಯಾರಾದರೂ ನನ್ನ ಕ್ಲಿನಿಕ್ಕಿನಲ್ಲಿ ಹೀಗೆ ಎದ್ದು ನಿಂತಿದ್ದರೆ ಅವರು ತಿರುಗಿ ಕೂರುವ ಮೊದಲೇ ಬಲ ಮಂಡಿಯ ಎಕ್ಸ್‌ರೇಗೆ ಬರೆಯುತ್ತಿದ್ದೆ. ಇದು ನಿನ್ನೆ ಮೊನ್ನೆಯ ಮಂಡಿಯಲ್ಲ, ಐದಾರು ವರ್ಷ ಹಳೆಯದು. ಆ ಐದಾರು ವರ್ಷವೂ ಆ ಕಾಲಿನ ಮೇಲೆ ನಿಂತು ಹಾಕಿದ ದೋಸೆಗಳನ್ನು ತಿಂದವನು ಮೂಳೆ ಡಾಕ್ಟರು! ಆಮೇಲೆ ಅವರು ಎದ್ದಾಗಲೆಲ್ಲ ನಾನು ತಲೆ ತಗ್ಗಿಸಿದೆ. ಅಕ್ಕಪಕ್ಕದವರು ನನ್ನನ್ನು ಬಹಳ ಭಕ್ತನೆಂದು ತಿಳಿದಿರಬೇಕು.

ಹೊರಗೆ ಬಾಗಿಲಿನ ಹತ್ತಿರ ಐವರೂ ನಿಂತೆವು. ಕೊನೆಗೆ ವನಜಕ್ಕ, “ಪರೀಕ್ಷೆ ಮುಗೀತಾ ಪುಟ್ಟಾ?” ಎಂದು ಅನಘಾಳ ಗಲ್ಲ ಹಿಡಿದರು. ಮಗಳು ನನ್ನ ಮುಖ ನೋಡಿದಳು. ಸುಜಾತಾಗೆ ತಡೆಯಲಾಗಲಿಲ್ಲ. “ಪರೀಕ್ಷೆ ಇಲ್ಲ ಅಕ್ಕಾ. ಸುಳ್ಳು ಹೇಳಿದ್ವಿ. ತಪ್ಪಾಯ್ತು” ಎಂದು ಅತ್ತೇ ಬಿಟ್ಟಳು. “ಅಯ್ಯೋ ಹುಚ್ಚಿ, ಅಳ್ತೀಯಾ ಯಾಕೆ? ನಾನೇನು ಸತ್ಯ ಹರಿಶ್ಚಂದ್ರನ ಮನೆಯವಳಾ?” ಎಂದರು ಅಕ್ಕ. ಅವರ ಕಣ್ಣೂ ಒದ್ದೆಯಾಗಿತ್ತು. “ಮಂಡಿ ಕೇಳಲ್ಲಮ್ಮ ಈಗ. ನೀವು ಬರ್ತೀರಿ ಅಂದ್ರೆ ಎರಡು ವಾರ ಮುಂಚೆಯಿಂದ ಭಯ ಶುರುವಾಗುತ್ತೆ. ಬರಬೇಡಿ ಅನ್ನೋಕೆ ಬಾಯಿ ಬರಲ್ಲ. ಇಲ್ಲಿ ಬಂದು ಕೂತ್ರೆ ಯಾರೋ ಹಾಡ್ತಾರೆ, ನಾನು ಏನೂ ಮಾಡ್ಬೇಕಾಗಿಲ್ಲ. ಅದಕ್ಕೇ ಬರ್ತೀನಿ.” “ನನಗೆ ಯಾಕೆ ಹೇಳಲಿಲ್ಲ ಅಕ್ಕಾ?” ಎಂದೆ. “ನೀನು ರಜಕ್ಕೆ ಬರೋನು. ಊಟಕ್ಕೆ ಕೂತೋನಿಗೆ ಮಂಡಿ ತೋರಿಸ್ಲಾ?” ಎಂದರು.

ಆಮೇಲೆ, “ಮನೆಗೆ ಬರ್ತೀರಾ? ಕಾಫಿ ಕುಡಿದು ಹೋಗಿ” ಎಂದರು. “ಬೇಡಕ್ಕಾ, ಯಾಕೆ ತೊಂದ್ರೆ” ಎಂದೆ. ನಮ್ಮಲ್ಲಿ ಮೊದಲ ಬೇಡ ಲೆಕ್ಕಕ್ಕಿಲ್ಲ. ಎರಡನೆಯ ಸಲ ಕರೆಯುತ್ತಾರೆ, ಮೂರನೆಯ ಸಲ ಕೈ ಹಿಡಿದು ಎಳೆಯುತ್ತಾರೆ. ನಾನು ಎರಡನೆಯ ಕರೆಗೆ ಕಾದು ನಿಂತೆ. “ಸರಿ ಹಾಗಾದ್ರೆ. ಹುಷಾರಾಗಿ ಹೋಗಿ” ಎಂದು ಅಕ್ಕ ಭಾವನ ತೋಳು ಹಿಡಿದು ನಿಧಾನವಾಗಿ ಇಳಿಜಾರಿನ ಕಡೆ ನಡೆದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಮಾತನ್ನು ನಂಬಿದ್ದರು.

“ಅಕ್ಕನ್ನ ನೋಡಿದ್ಯಾ, ಒಂದೇ ಸಲ ಕರೆದ್ರು” ಎಂದೆ ಸುಜಾತಾಗೆ. ಅವಳು ಮೂಗು ಒರೆಸಿಕೊಂಡು, “ನಾವು ಎಷ್ಟು ಸಲ ಕರೆದಿದ್ದೀವಿ?” ಎಂದಳು. ನಾನು ನೆನಪು ಮಾಡಿಕೊಂಡೆ. ಅನಘಾಳ ಹುಟ್ಟುಹಬ್ಬಗಳಿಗೆ ಬಂದಿದ್ದರು, ಪಾತ್ರೆಗಟ್ಟಲೆ ಬಿಸಿಬೇಳೆಬಾತ್ ತಂದಿದ್ದರು, ಬಡಿಸಿ ಸಂಜೆಗೆ ವಾಪಸಾಗಿದ್ದರು. ಇದ್ದು ಹೋಗಿ ಎಂದು ನನ್ನ ಬಾಯಲ್ಲಿ ಒಂದು ಸಲವೂ ಬಂದಿರಲಿಲ್ಲ.

ಓಡಿದೆ. ಅವರು ಹತ್ತು ಹೆಜ್ಜೆಯೂ ಹೋಗಿರಲಿಲ್ಲ. “ಅಕ್ಕಾ, ನೀವು ನಮ್ಮನೆಗೆ ಬನ್ನಿ. ಇದ್ದು ಹೋಗಿ” ಎಂದೆ. “ಬೇಡಪ್ಪ, ಯಾಕೆ ತೊಂದ್ರೆ” ಎಂದರು. “ತೊಂದ್ರೆ ಏನಿಲ್ಲ, ಬರಲೇಬೇಕು.” “ಈ ಕಾಲಿಟ್ಕೊಂಡು ಎಲ್ಲಿ ಬರ್ಲಿ?” “ಆ ಕಾಲಿಗೇ ಬನ್ನಿ ಅಕ್ಕಾ, ಕೂತಲ್ಲಿಗೇ ಎಲ್ಲ ತಂದು ಕೊಡ್ತೀನಿ” ಎಂದು ಅವರ ಕೈ ಹಿಡಿದುಕೊಂಡೆ. ಅಕ್ಕ ಭಾವನ ತೋಳು ಬಿಟ್ಟು ನನ್ನ ಕಡೆ ತಿರುಗಿ, “ಯಾವತ್ತು ಬರ್ಲಿ?” ಎಂದರು.

ಕರೆಯುವುದನ್ನು ಕಷ್ಟಪಟ್ಟು ಕಲಿತಿದ್ದೆನೇ ಹೊರತು ಈ ಪ್ರಶ್ನೆಗೆ ಸಿದ್ಧನಾಗಿರಲಿಲ್ಲ. ನನ್ನ ಬಾಯಿ ತನ್ನಷ್ಟಕ್ಕೆ ತಾನೇ, “ಡ್ಯೂಟಿ ರೋಟಾ ನೋಡಿ ಹೇಳ್ತೀನಿ ಅಕ್ಕಾ” ಎಂದುಬಿಟ್ಟಿತು. ಭಾವ ಮುಖ ಆಚೆ ತಿರುಗಿಸಿದರು. ಹಿಂದಿನಿಂದ ಏದುಸಿರು ಬಿಡುತ್ತ ಬಂದ ಸುಜಾತಾ, “ರೋಟಾ ನಾನು ನೋಡಿದೀನಿ ಅಕ್ಕಾ. ಜನವರಿ ಎರಡನೇ ವಾರ ಇವರು ಪೂರ್ತಿ ಖಾಲಿ” ಎಂದಳು. “ಹಾಗಾದ್ರೆ ಬರ್ತೀವಿ” ಎಂದರು ವನಜಕ್ಕ. ಎಷ್ಟು ದಿನ ಇರ್ತೀರಿ ಎಂದು ಕೇಳುವ ಮಾತು ನನ್ನ ನಾಲಗೆಯ ತುದಿಯವರೆಗೂ ಬಂದಿತ್ತು, ಹೊಸ ಮಫ್ಲರನ್ನು ಬಾಯಿಯ ಮೇಲೆ ಎಳೆದುಕೊಂಡೆ.