ಕೆಡದ ಮುದ್ದೆ, ಕೆಟ್ಟ ಬರ್ಗರ್

“ಈ ಮನೆಯೊಳಕ್ಕೆ ಪ್ರಿಸರ್ವೇಟಿವ್ ಅನ್ನೋದು ಕಾಲಿಟ್ರೆ ನನ್ನ ಹೆಸರು ಗಂಗಾಲಕ್ಷ್ಮಿನೇ ಅಲ್ಲ!”

ಶಿರಾದ ತನ್ನ ಅಡುಗೆಮನೆಯಲ್ಲಿ, ಕೈಯಲ್ಲಿ ಸೌಟು ಹಿಡಿದು ಗಂಗಾಲಕ್ಷ್ಮಿ ಹೀಗೆ ಯುದ್ಧ ಸಾರಿದಾಗ ಎದುರಿಗಿದ್ದ ಸೈನ್ಯ ಎರಡೇ ಜನ: ಗಂಡ ಅಂಜಿನಮೂರ್ತಿ, ಮಗಳು ಅಂಜಲಿ. ಭಾನುವಾರಕ್ಕೆ ಅಂಜಲಿಗೆ ಆರು ತುಂಬುತ್ತದೆ. ಹುಟ್ಟುಹಬ್ಬ ಹೈವೇ ಪಕ್ಕದ ಹೊಸ ಫಾಸ್ಟ್‌ಫುಡ್ ಅಂಗಡಿಯಲ್ಲೇ ಆಗಬೇಕು, ಬರ್ಗರೇ ತಿನ್ನಬೇಕು ಎಂದು ಹಟ. ಬುದ್ಧಿ ಹೇಳಬೇಕಾದ ಅಪ್ಪನೂ ಮಗಳ ಪಾರ್ಟಿ!

ಹೊಟ್ಟೆ ಉರಿಯದೆ ಇರುತ್ತದೆಯೇ? ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಿ, ರಾಗಿಸರಿ ಮಾಡಿ ತಿನ್ನಿಸಿ ಬೆಳೆಸಿದ ಕೂಸು. ಅದರ ಹೊಟ್ಟೆಗೆ ಯಾವನೋ ಯಾವತ್ತೋ ಮಾಡಿ ಐಸಿನಲ್ಲಿ ಹೂತಿಟ್ಟ ಟಿಕ್ಕಿಯೇ? ಬನ್ನಿನ ಕವರ್ ಹಿಂದೆ ಇರುವೆ ಸಾಲಿನಂತಿದ್ದ ಅಕ್ಷರಗಳನ್ನೆಲ್ಲ ಅವಳು ಬಿಡದೆ ಓದಿದ್ದಳು.

“‘ಪ್ರಿಸರ್ವೇಟಿವ್ ಇನ್ನೂರ ಎಂಬತ್ತೆರಡು’ ಅಂತೆ! ಇದೇನ್ರೀ, ತಿನ್ನೋ ಪದಾರ್ಥನಾ, ಪಾವಗಡದ ಬಸ್ ನಂಬರಾ? ನಾರಿಲ್ಲ, ಸತ್ವ ಇಲ್ಲ, ಉಪ್ಪು ಮಾತ್ರ ಸುರಿದವ್ರೆ. ದುಡ್ಡು ಕೊಟ್ಟು ಕಾಯಿಲೆ ಕೊಂಡ್ಕಬೇಕಾ?”

“ಲೇ ಗಂಗಾ, ಊರೆಲ್ಲ ತಿಂತೈತೆ. ಯಾರು ಸತ್ತವ್ರೆ ಹೇಳು?”

“ಹೆಂಗೆ ಸಾಯ್ತಾರೆ? ಕೆಡದೇ ಇರೋ ಮಾಲು ಒಳಗೆ ಸೇರೈತಲ್ಲ!”

ಕೊನೆಗೆ ವಿಜ್ಞಾನವೇ ತೀರ್ಪು ಕೊಡಲಿ ಎಂದಾಯಿತು. ಒಂದೇ ತಟ್ಟೆಯಲ್ಲಿ ಅಂಗಡಿಯ ಬರ್ಗರ್ ಒಂದು, ಮನೆಯ ರಾಗಿಮುದ್ದೆ ಒಂದು.

“ನೋಡ್ತಿರಿ. ಭಾನುವಾರದೊಳಗೆ ಮುದ್ದೆ ಕೆಡುತ್ತೆ, ಯಾಕಂದ್ರೆ ಅದು ಊಟ. ಬರ್ಗರ್ ಹಂಗೇ ಇರುತ್ತೆ, ಯಾಕಂದ್ರೆ ಅದು ಪ್ಲಾಸ್ಟಿಕ್!”

“ಬರ್ಗರೇ ಕೆಟ್ರೆ?” ಎಂದಳು ಅಂಜಲಿ.

“ಕೆಟ್ರೆ ನಿನ್ನ ಹುಟ್ಟುಹಬ್ಬ ಅಲ್ಲೇ! ನಾನೇ ಮುಂದೆ ನಿಂತು ಮಾಡಿಸ್ತೀನಿ!”

ಬೆಕ್ಕಿಗೆ ಎಟುಕದ ಜಾಗ ಆ ಮನೆಯಲ್ಲಿ ಒಂದೇ. ನಡುಮನೆಯ ಗೋಡೆಗೂಡು, ತೀರಿಹೋದ ಮಾವ ಕಾಟಪ್ಪನವರ ಫೋಟೋ ಇದ್ದ ಕಡೆ. ತಟ್ಟೆ ಅಲ್ಲಿಗೇರಿತು. ಗಂಗಾಲಕ್ಷ್ಮಿ ಬಸ್‌ಸ್ಟ್ಯಾಂಡ್ ಹತ್ತಿರದ ತನ್ನ ಟೈಲರಿಂಗ್ ಅಂಗಡಿಗೆ ಹೋಗಿ, ಅಳತೆ ಕೊಡಲು ಬಂದವರಿಗೆಲ್ಲ ಈ ಮಹಾಪ್ರಯೋಗದ ಕಥೆ ಹೇಳಿದ್ದೇ ಹೇಳಿದ್ದು.

ತಾವರೆಕೆರೆಯ ಮಗಳ ಮನೆಗೆ ಹೋಗಿದ್ದ ಅತ್ತೆ ಕ್ಯಾತಮ್ಮ ಮಾರನೇ ದಿನ ವಾಪಸು ಬಂದರು. ಗೂಡು ನೋಡಿದರು, ಸೊಸೆಯ ಮುಖ ನೋಡಿದರು, ಕಣ್ಣು ಒರೆಸಿಕೊಂಡರು. ‘ಅತ್ತೆಗೂ ವಿಜ್ಞಾನ ಅರ್ಥವಾಯಿತು!’ ಎಂದು ಸೊಸೆ ಬೀಗಿದಳು.

ಅಲ್ಲಿಂದ ಶುರುವಾಯಿತು ನೋಡಿ. ಸಂಜೆ ಅಂಗಡಿ ಮುಚ್ಚಿ ಬಂದು ನೋಡಿದರೆ ಮುದ್ದೆ ಗುಂಡಗೆ, ಮಿರಮಿರ ಮಿಂಚುತ್ತಿದೆ. ಮರುದಿನವೂ ಹಾಗೇ! ಬರ್ಗರ್‌ಗೆ ಮಾತ್ರ ಹಸಿರು ಮೀಸೆ ಮೂಡಿದೆ.

“ಅಮ್ಮಾ, ಮುದ್ದೆ ಬಿಸಿಯಾಗೈತೆ! ಜ್ವರ ಬಂದೈತಾ?”

ಮುಟ್ಟಿ ನೋಡಿದಳು. ನಿಜ!

“ನೀನ್ಯಾವ ನಂಬರ್ ಬೆರೆಸಿದ್ಯೇ ಮುದ್ದೆಗೆ?” ಗಂಡನಿಗೆ ನಗು ತಡೆಯಲಾಗಲಿಲ್ಲ.

“ರಾಗೀಲಿ ಕಬ್ಬಿಣ ಐತೆ ರೀ! ಕಬ್ಬಿಣ ಅಂದ್ಮೇಲೆ ಬಿಸಿ ಹಿಡ್ಕಳ್ಳಲ್ವಾ?”

ಹೇಳಿದ್ದೇನೋ ಹೇಳಿದಳು, ತನಗೇ ನಂಬಿಕೆಯಿಲ್ಲ. ಯಾರೂ ಇಲ್ಲದಾಗ ಗೂಡಿನ ಮುಂದೆ ನಿಂತು ಕೈಮುಗಿದಳು: “ಕೆಡು ನನ್ನವ್ವಾ! ನನ್ನ ಮಾನ ಉಳಿಸು!” ತಾನು ಬೇಯಿಸಿದ್ದು ಹಳಸಲಿ ಎಂದು ಹರಕೆ ಹೊತ್ತ ಗೃಹಿಣಿ ಮೂರು ಲೋಕದಲ್ಲೂ ಇವಳೊಬ್ಬಳೇ! ಮುದ್ದೆ ಕರಗಲಿಲ್ಲ. ಬರ್ಗರ್‌ಗೆ ಮೀಸೆಯ ಜೊತೆ ಗಡ್ಡವೂ ಬಂತು.

ಭಾನುವಾರ ಮಾತಿನಂತೆ ಎಲ್ಲರೂ ಫಾಸ್ಟ್‌ಫುಡ್ ಅಂಗಡಿಯಲ್ಲಿ. ಅಂಜಲಿಯ ಮೂಗಿನ ಮೇಲೆಲ್ಲ ಸಾಸು. ಗಂಗಾಲಕ್ಷ್ಮಿ ಬರೀ ನೀರು ಕುಡಿಯುತ್ತ, ಬರ್ಗರನ್ನು ಶತ್ರುವಿನ ಹಾಗೆ ದಿಟ್ಟಿಸುತ್ತ ಕೂತಿದ್ದಳು.

“ಅಜ್ಜೀ, ನಮ್ಮ ಮುದ್ದೆ ಕೆಡಲೇ ಇಲ್ಲ ಗೊತ್ತಾ?” ಎಂದಳು ಅಂಜಲಿ.

“ಕೆಡಕ್ಕೆ ಬುಡ್ತೀನಾ ಮಗಾ?” ಕ್ಯಾತಮ್ಮ ಬಾಯಲ್ಲಿದ್ದ ತುತ್ತು ನುಂಗಿದರು. “ದಿನಾ ಸಂಜೆ ದೀಪ ಹಚ್ಚಿ, ಬಿಸಿಬಿಸಿ ಮುದ್ದೆ ಕಟ್ಟಿ ಇಡ್ತಿದ್ದೆ. ಹಳೇದ್ನ ಪಕ್ಕದ ಮನೆ ಹಸುಗೆ ಹಾಕ್ತಿದ್ದೆ. ಎಡೆ ತಂಗಳಾಗಬೋದಾ?”

“ಎಡೆನಾ?” ಗಂಗಾಲಕ್ಷ್ಮಿಗೆ ನೀರು ನೆತ್ತಿಗೇರಿತು.

“ಊಂ ಕಣಮ್ಮ. ಮಾವನ ಫೋಟೋ ಮುಂದೆ ಇಟ್ಟು ನೀನು ಅಂಗಡಿಗೆ ಓಡ್ತೀಯ, ನಾನಾದ್ರೂ ನೋಡ್ಕಬೇಡ್ವಾ? ಈ ಬನ್ನು ಎಲ್ಲಿ ಸಿಗ್ತದೋ ಗೊತ್ತಾಗ್ಲಿಲ್ಲ. ಒಣಗದಂಗಿರ್ಲಿ ಅಂತ ನೀರು ಚಿಮುಕಿಸಿ, ನೀನು ಬರಾಗಂಟ ಬೋಗುಣಿ ಕವುಚಿಡ್ತಿದ್ದೆ. ಆದ್ರೂ ಬೂಸ್ಲು ಬಂದ್ಬುಡ್ತು!”

ಅಂಜಿನಮೂರ್ತಿ ಟೇಬಲ್ ಮೇಲೆ ತಲೆಯಿಟ್ಟು ನಗತೊಡಗಿದ. ಗಂಗಾಲಕ್ಷ್ಮಿ ಸಿಡಿದೆದ್ದಳು. ಮೋಸ! ಪಂದ್ಯ ರದ್ದು! ಬರ್ಗರ್ ಕೆಟ್ಟಿದ್ದಲ್ಲ, ಕೆಡಿಸಿದ್ದು! ಇಡೀ ಅಂಗಡಿಗೆ ಕೇಳುವಂತೆ ಕೂಗಲು ಬಾಯಿ ತೆರೆದಳು.

“ಹಟ್ಟಿಗೆಲ್ಲ ಫೋನ್ ಮಾಡಿ ಹೇಳಿವ್ನಿ,” ಕ್ಯಾತಮ್ಮ ಸೊಸೆಯ ಕೈ ಹಿಡಿದುಕೊಂಡರು. “ಹೆತ್ತ ಮಗ ಮರೆತ್ರೂ ಸೊಸೆ ಮರೀಲಿಲ್ಲ ಅಂತ. ನಿನ್ನಂಥೋಳು ಯಾರಿಗವ್ಳೆ ಹೇಳು?”

ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಈಗ ನಗು ನಿಂತಿದ್ದು ಅಂಜಿನಮೂರ್ತಿಯದು.

“ಪಾಪ, ನಿಮ್ಮ ಮಾವನಿಗೆ ಬೂಸ್ಲು ಬನ್ನು ತಿನ್ಸಿದಂಗಾತು,” ಕ್ಯಾತಮ್ಮ ಮಾತು ಮುಂದುವರಿಸಿದರು. “ಬುಧವಾರ ಅಮಾಸೆ. ಎಡೆಗೆ ಇವತ್ತೇ ಹೊಸದೊಂದು ಕಟ್ಟಿಸ್ಕ ನನ್ನವ್ವಾ. ಈ ಸಲ ಚೆನ್ನಾಗಿರೋದು ನೋಡಿ ತಗೋ.”

ಗಂಗಾಲಕ್ಷ್ಮಿ ಎದ್ದು ಹೋಗಿ ಕ್ಯೂನಲ್ಲಿ ನಿಂತಳು. ಕೌಂಟರ್ ಹತ್ತಿರ ಬಂದಾಗ ಒಮ್ಮೆ ಹಿಂದೆ ತಿರುಗಿ ಗಂಡನನ್ನು ನೋಡಿದಳು; ಕೇಳಿಸುವಷ್ಟು ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಮುಂದಕ್ಕೆ ಬಗ್ಗಿದಳು.

“ಅಣ್ಣಾ, ಬುಧವಾರದವರೆಗೂ ಕೆಡದೇ ಇರೋ ಬರ್ಗರ್ ಯಾವುದಾದ್ರೂ ಇದ್ರೆ ಒಂದು ಪಾರ್ಸೆಲ್ ಮಾಡಪ್ಪ!”